ಗ್ರೀಕರ ಪ್ರೇಮವೂ ನಮ್ಮ ನೀತಿಯೂ

ನೀತಿಯೆಂಬುದು ಸ್ಥಿರವಾದದ್ದೋ, ಕಾಲದೊಡನೆ ಹರಿಯುವಂಥದೋ ಎಂಬ ಪ್ರಶ್ನೆ ಬಹಳ ಹಳೆಯದು. ಸತ್ಯ ಹೇಳಬೇಕು, ಕದಿಯಬಾರದು, ನಂಬಿದವರಿಗೆ ದ್ರೋಹ ಬಗೆಯಬಾರದು ಎಂಬ ಮಾತುಗಳನ್ನು ಯಾವ ದೇಶದ, ಯಾವ ಕಾಲದ ಜನರ ಮುಂದಿಟ್ಟರೂ ಅವರು ತಲೆದೂಗುತ್ತಾರೆ. ಆದರೆ ಊಟ, ಉಡುಗೆ, ಮದುವೆ, ಕಾಮ ಇವುಗಳ ವಿಷಯಕ್ಕೆ ಬಂದೆವೆಂದರೆ ಒಂದು ಊರಿನ ಶೀಲ ಇನ್ನೊಂದು ಊರಿನ ನಗೆಪಾಟಲು. ಒಂದು ಶತಮಾನದ ಆದರ್ಶ ಮತ್ತೊಂದು ಶತಮಾನದ ಅಪರಾಧ. ಇದನ್ನು ಕಂಡು ಕೆಲವರು, "ಹಾಗಾದರೆ ನೀತಿಯೆಂಬುದೇ ಇಲ್ಲ, ಇರುವುದೆಲ್ಲ ರೂಢಿ" ಎಂದು ಕೈತೊಳೆದುಕೊಳ್ಳುತ್ತಾರೆ. ಮತ್ತೆ ಕೆಲವರು, "ಬದಲಾದದ್ದೆಲ್ಲ ಕೆಟ್ಟಿತು" ಎಂದು ನಿಟ್ಟುಸಿರುಬಿಡುತ್ತಾರೆ. ಎರಡೂ ಅವಸರದ ತೀರ್ಮಾನಗಳೇ. ಯಾವುದಾದರೂ ಒಂದು ವಿಷಯವನ್ನು ಹಿಡಿದು, ಅದರ ಬಗೆಗಿನ ಭಾವನೆ ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾಯಿತೆಂದು ತಾಳ್ಮೆಯಿಂದ ನೋಡಿದರೆ, ನೀತಿಯಲ್ಲಿ ಬದಲಾಗುವುದು ಯಾವುದು, ನಿಲ್ಲುವುದು ಯಾವುದು ಎಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತು.

ಅಂಥ ಪರೀಕ್ಷೆಗೆಂದು ಇಲ್ಲಿ ಆರಿಸಿಕೊಂಡಿರುವುದು ಮರ್ಯಾದಸ್ಥರ ಮನೆಗಳಲ್ಲಿ ಸಾಮಾನ್ಯವಾಗಿ ಮಾತಿಗೆ ಬಾರದ ವಿಷಯ: ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದು. ಭಾನುವಾರದ ಬೆಳಿಗ್ಗೆ ಕಾಫಿಯೊಡನೆ ಓದುವ ಪುಟದಲ್ಲಿ ಇದೇಕೆ ಎಂದು ಹುಬ್ಬುಗಂಟಿಕ್ಕುವ ವಾಚಕರೂ ಇದ್ದಾರು. ಅವರಿಗೆ ಒಂದೇ ಮಾತು. ಈ ಕಾರಣಕ್ಕಾಗಿ ಜನರನ್ನು ಸುಟ್ಟಿದ್ದಾರೆ, ಗಲ್ಲಿಗೇರಿಸಿದ್ದಾರೆ, ಸೆರೆಮನೆಗೆ ನೂಕಿದ್ದಾರೆ. ಶಿಕ್ಷಿಸಲು ನಾಚದ ಸಮಾಜ ವಿಚಾರಮಾಡಲು ನಾಚಬೇಕಾದ್ದಿಲ್ಲ.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ಈಗ ಬಳಕೆಯಲ್ಲಿರುವ 'ಸಲಿಂಗಕಾಮ' ಎಂಬ ಪದ ನಮ್ಮ ಹಳೆಯ ಕಾವ್ಯಗಳಿಂದ ಬಂದದ್ದಲ್ಲ. ಇಂಗ್ಲಿಷಿನ 'ಹೋಮೋಸೆಕ್ಷುಯಾಲಿಟಿ'ಗೆ ನಾವು ಕಟ್ಟಿಕೊಂಡ ಸಂಸ್ಕೃತ ಸಮಾಸ. ಆ ಇಂಗ್ಲಿಷ್ ಪದವಾದರೂ ಹಳೆಯದಲ್ಲ. ೧೮೬೯ರಲ್ಲಿ ಕೆರ್ಟ್‌ಬೆನಿ ಎಂಬ ಹಂಗೇರಿಯ ಲೇಖಕ, ಪ್ರಷ್ಯದ ದಂಡಸಂಹಿತೆಯನ್ನು ವಿರೋಧಿಸಿ ಜರ್ಮನ್ ಭಾಷೆಯಲ್ಲಿ ಅಚ್ಚುಹಾಕಿಸಿದ ಕಿರುಹೊತ್ತಗೆಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಗ್ರೀಕಿನ 'ಹೋಮೋಸ್' ಎಂಬುದಕ್ಕೆ ಲ್ಯಾಟಿನ್ ಪದವೊಂದನ್ನು ಗಂಟುಹಾಕಿ ಮಾಡಿದ ಬೆರಕೆಯ ಮಾತು ಅದು. ಎಂದಮೇಲೆ, ಯಾವ ಗ್ರೀಕರನ್ನು ಈ ಪ್ರೇಮದ ತವರಿನವರೆಂದು ಎಲ್ಲರೂ ಬೊಟ್ಟುಮಾಡಿ ತೋರಿಸುತ್ತಾರೋ ಆ ಗ್ರೀಕರಲ್ಲಿ ಇದಕ್ಕೊಂದು ಹೆಸರೇ ಇರಲಿಲ್ಲ! ಇದು ಬರಿಯ ನಿಘಂಟಿನ ಸಂಗತಿಯಲ್ಲ. ಹೆಸರಿಲ್ಲದಿದ್ದರೆ ಅದನ್ನು ಬೇರೆಯೊಂದು ಜಾತಿಯ ಮನುಷ್ಯರ ಲಕ್ಷಣವೆಂದು ಅವರು ಎಣಿಸಿರಲಿಲ್ಲ ಎಂದೇ ಅರ್ಥ. ಕಾಮನೆ ಯಾರ ಕಡೆಗೆ ಹರಿಯಿತು ಎಂಬುದಕ್ಕಿಂತ ಅದು ಹೇಗೆ ನಡೆದುಕೊಂಡಿತು ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಬಿ.ಎಂ.ಶ್ರೀಯವರು ಸೊಫೋಕ್ಲೀಸನ ಏಜಾಕ್ಸನನ್ನು 'ಅಶ್ವತ್ಥಾಮನ್' ಆಗಿಸಿ, ಎಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದುಕೊಟ್ಟಂದಿನಿಂದ ಗ್ರೀಕರು ನಮಗೆ ತೀರ ಪರಕೀಯರಾಗಿ ಉಳಿದಿಲ್ಲ. ಆದರೆ ನಾವು ಬಲ್ಲ ಗ್ರೀಕರು ರುದ್ರನಾಟಕದ ಗ್ರೀಕರು. ಔತಣದ ಮನೆಯ ಗ್ರೀಕರ ಪರಿಚಯ ನಮಗೆ ಅಷ್ಟಾಗಿ ಇಲ್ಲ. ಅವರನ್ನು ನೋಡಬೇಕಾದರೆ ಪ್ಲೇಟೋ ಬರೆದ 'ಸಿಂಪೋಸಿಯಂ' ಎಂಬ ಸಂವಾದದ ಬಾಗಿಲು ತಟ್ಟಬೇಕು. ಕ್ರಿ.ಪೂ. ೪೧೬ರಲ್ಲಿ ಅಗಥಾನ್ ಎಂಬ ಕವಿಯ ನಾಟಕಕ್ಕೆ ಬಹುಮಾನ ಬಂದ ಸಂತೋಷಕ್ಕೆ ಅವನ ಮನೆಯಲ್ಲಿ ಗೆಳೆಯರು ಸೇರಿದ್ದಾರೆ. ಪ್ರೇಮದೇವತೆಯಾದ ಈರಾಸನನ್ನು ಒಬ್ಬೊಬ್ಬರಾಗಿ ಹೊಗಳಬೇಕೆಂದು ಗೊತ್ತಾಗುತ್ತದೆ. ಅವರು ಹೊಗಳುವ ಪ್ರೇಮ ಬಹುಮಟ್ಟಿಗೆ ಗಂಡಸು ಗಂಡಸಿನಲ್ಲಿ ಇಡುವ ಪ್ರೇಮವೇ. ಪಾಸೇನಿಯಸ್ ಎಂಬವನು ಪ್ರೇಮದಲ್ಲಿ ಎರಡು ಬಗೆ ಉಂಟು, ದೇಹವನ್ನಷ್ಟೆ ಬಯಸುವ ಸಾಮಾನ್ಯ ಪ್ರೇಮ ಒಂದು, ಬುದ್ಧಿಯನ್ನೂ ಗುಣವನ್ನೂ ಅರಸುವ ದಿವ್ಯಪ್ರೇಮ ಇನ್ನೊಂದು ಎನ್ನುತ್ತಾನೆ. ವಿನೋದನಾಟಕಗಳ ಅರಿಸ್ಟೋಫನೀಸ್ ಒಂದು ಕಟ್ಟುಕಥೆ ಹೇಳುತ್ತಾನೆ. ಆದಿಯಲ್ಲಿ ಮನುಷ್ಯರು ಇಬ್ಬಿಬ್ಬರು ಬೆಸೆದುಕೊಂಡ ದುಂಡು ಜೀವಿಗಳಾಗಿದ್ದರಂತೆ. ಗಂಡು-ಗಂಡು, ಹೆಣ್ಣು-ಹೆಣ್ಣು, ಗಂಡು-ಹೆಣ್ಣು ಎಂದು ಮೂರು ಬಗೆ. ಅವರ ಸೊಕ್ಕು ಮುರಿಯಲು ಸ್ಯೂಸ್ ದೇವ ಅವರನ್ನು ಎರಡಾಗಿ ಸೀಳಿದ. ಅಂದಿನಿಂದ ಪ್ರತಿಯೊಂದು ಹೋಳೂ ತನ್ನ ಕಳೆದುಹೋದ ಅರ್ಧವನ್ನು ಹುಡುಕುತ್ತಿದೆಯಂತೆ. ನಗಿಸುವುದಕ್ಕೆ ಹೇಳಿದ ಕಥೆ. ಆದರೂ ಮೂರು ಬಗೆಯ ಹುಡುಕಾಟಕ್ಕೂ ಅದು ಒಂದೇ ಕಾರಣ ಕೊಡುತ್ತದೆಂಬುದನ್ನು ಮರೆಯಬಾರದು. ಕೊನೆಗೆ ಸಾಕ್ರೆಟೀಸ್, ಡಿಯೋಟಿಮಾ ಎಂಬ ವಿದುಷಿಯಿಂದ ತಾನು ಕಲಿತೆನೆಂದು ಹೇಳಿ, ಒಂದು ಸುಂದರ ದೇಹದಲ್ಲಿ ಹುಟ್ಟಿದ ಒಲವು ಮೆಟ್ಟಿಲು ಮೆಟ್ಟಿಲಾಗಿ ಏರಿ ಸೌಂದರ್ಯತತ್ತ್ವವನ್ನೇ ಕಾಣುವ ಬಗೆಯನ್ನು ವರ್ಣಿಸುತ್ತಾನೆ.

ಇದು ಮಾತಿನ ಗೌರವವಾಯಿತು. ಊರಿನ ಗೌರವವೂ ಇತ್ತು. ಕ್ರಿ.ಪೂ. ೫೧೪ರಲ್ಲಿ ಅಥೆನ್ಸಿನ ಸರ್ವಾಧಿಕಾರಿಯ ತಮ್ಮನಾದ ಹಿಪ್ಪಾರ್ಕಸನನ್ನು ಕೊಂದ ಹಾರ್ಮೋಡಿಯಸ್, ಅರಿಸ್ಟೋಗೈಟನ್ ಎಂಬಿಬ್ಬರು ಪ್ರೇಮಿಗಳ ಪ್ರತಿಮೆಗಳನ್ನು ಊರ ನಡುವಿನ ಚೌಕದಲ್ಲಿ ನಿಲ್ಲಿಸಿದ್ದರು. ಥೀಬ್ಸ್ ನಗರದಲ್ಲಿ ಮುನ್ನೂರು ಯೋಧರ 'ಪವಿತ್ರ ದಳ'ವೊಂದಿತ್ತು. ಅದರಲ್ಲಿದ್ದವರು ಪ್ರೇಮಿಗಳ ಜೋಡಿಗಳೆಂದು ಪ್ರತೀತಿಯಿದ್ದುದನ್ನು ಪ್ಲೂಟಾರ್ಕ್ ದಾಖಲೆಮಾಡಿದ್ದಾನೆ. ಒಲಿದವನ ಕಣ್ಣೆದುರಿಗೆ ಯಾರೂ ಬೆನ್ನು ತೋರಿಸಲಾರರೆಂಬುದು ಅದರ ಹಿಂದಿನ ತರ್ಕ. ಕ್ರಿ.ಪೂ. ೩೭೧ರಲ್ಲಿ ಲ್ಯೂಕ್ಟ್ರದ ರಣದಲ್ಲಿ ಸ್ಪಾರ್ಟದ ಹೆಮ್ಮೆ ಮುರಿದ ಪಡೆಯಲ್ಲಿ ಈ ದಳವಿತ್ತು. ೩೩೮ರಲ್ಲಿ ಕೈರೋನಿಯದ ಬಯಲಿನಲ್ಲಿ ಮ್ಯಾಸಿಡೋನಿಯದ ಫಿಲಿಪ್ಪನೆದುರು ಅವರು ನಿಂತಲ್ಲೇ ನಿಂತು ಸತ್ತರು. ಬಿದ್ದವರು ಯಾರೆಂದು ತಿಳಿದ ಫಿಲಿಪ್ಪ ಕಣ್ಣೀರಿಟ್ಟನೆಂದೂ, ಇವರಲ್ಲಿ ಹೇಯವಾದದ್ದನ್ನು ಶಂಕಿಸುವವರು ಹಾಳಾಗಲೆಂದು ಶಪಿಸಿದನೆಂದೂ ಪ್ಲೂಟಾರ್ಕ್ ಬರೆಯುತ್ತಾನೆ. ಅಲ್ಲಿ ಇಂದಿಗೂ ಕಲ್ಲಿನ ಸಿಂಹವೊಂದು ಕುಳಿತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಸುತ್ತ ಅಗೆದಾಗ ಸಾಲುಸಾಲಾಗಿ ಮಲಗಿಸಿದ ೨೫೪ ಅಸ್ಥಿಪಂಜರಗಳು ಸಿಕ್ಕವು.

ಇಷ್ಟನ್ನು ಓದಿದವರು ಗ್ರೀಸ್ ದೇಶವನ್ನು ಈ ಪ್ರೇಮದ ನಂದನವನವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಹಾಗೆ ಭಾವಿಸಿದವರೂ ಅನೇಕರಿದ್ದಾರೆ. ಆದರೆ ಆ ತೋಟದ ಬೇಲಿಯನ್ನು ಸ್ವಲ್ಪ ಗಮನಿಸಬೇಕು. ಅಥೆನ್ಸಿನ ರೂಢಿ ಒಪ್ಪಿಕೊಂಡದ್ದು ಸರಿಸಮಾನರಾದ ಇಬ್ಬರು ವಯಸ್ಕರ ಸ್ನೇಹವನ್ನಲ್ಲ. ಪ್ರಾಯದ ನಾಗರಿಕನೊಬ್ಬ ಇನ್ನೂ ಮೀಸೆ ಮೂಡದ ಹುಡುಗನಲ್ಲಿ ಇಟ್ಟ ಪ್ರೀತಿಯನ್ನು. ಬಯಸುವ ಹಕ್ಕು ಹಿರಿಯನದು; ಹುಡುಗನಿಗೆ ಬಯಕೆಯಿರುವುದೇ ಅಶೋಭನವೆಂದು ಎಣಿಕೆ. ಗುಲಾಮನ ಒಪ್ಪಿಗೆಯನ್ನಂತೂ ಕೇಳುವವರೇ ಇರಲಿಲ್ಲ. ನಾಗರಿಕನಾದವನು ಇನ್ನೊಬ್ಬನ ಬಯಕೆಗೆ ತನ್ನ ದೇಹವನ್ನು ಮಾರಿಕೊಂಡನೆಂದು ರುಜುವಾತಾದರೆ ಅವನು ಸಭೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ. ಕ್ರಿ.ಪೂ. ೩೪೬-೪೫ರ ಸುಮಾರಿನಲ್ಲಿ ಈಸ್ಕಿನೀಸ್ ಎಂಬ ವಾಗ್ಮಿ ತನ್ನ ರಾಜಕೀಯ ವೈರಿ ಟಿಮಾರ್ಕಸನನ್ನು ಇದೇ ಆಪಾದನೆಯಿಂದ ಬೀಳಿಸಿದ. ಇನ್ನು ಹೆಂಗಸರ ಮಾತು. ಅವರ ಮನಸ್ಸನ್ನು ತಿಳಿಯಲು ನಮಗುಳಿದಿರುವುದು, ಕ್ರಿ.ಪೂ. ೬೦೦ರ ಸುಮಾರಿನಲ್ಲಿ ಲೆಸ್ಬಾಸ್ ದ್ವೀಪದಲ್ಲಿದ್ದ ಸಾಫೋ ಎಂಬ ಕವಯಿತ್ರಿಯ ಮುರುಕು ಸಾಲುಗಳು ಮಾತ್ರ. ಗ್ರೀಕರು ಕೇಳುತ್ತಿದ್ದ ಪ್ರಶ್ನೆ, "ಯಾರು ಮೇಲೆ, ಯಾರು ಕೆಳಗೆ? ಮರ್ಯಾದೆ ಉಳಿಯಿತೇ, ಮಿತಿ ಮೀರಿತೇ?" ಎಂಬುದು. ಅದು ಅಂತಸ್ತಿನ ಪ್ರಶ್ನೆ.

ಅಷ್ಟೇ ಅಲ್ಲ. ಔತಣದ ಮನೆಯಲ್ಲಿ ಈ ಪ್ರೇಮಕ್ಕೆ ರೆಕ್ಕೆ ಕಟ್ಟಿದ ಪ್ಲೇಟೋ ತನ್ನ ಮುಪ್ಪಿನಲ್ಲಿ ಬರೆದ 'ಲಾಸ್' ಎಂಬ ಗ್ರಂಥದಲ್ಲಿ ಅದನ್ನೇ ಪ್ರಕೃತಿವಿರುದ್ಧವೆಂದು ನಿಷೇಧಿಸಲು ಹೊರಡುತ್ತಾನೆ. ಮೃಗಗಳನ್ನು ನೋಡಿ, ಗಂಡು ಗಂಡನ್ನು ಕೂಡುವುದಿಲ್ಲ ಎಂದು ಅಲ್ಲಿ ಸಾಕ್ಷ್ಯ ಕೊಡಿಸುತ್ತಾನೆ. ಮುಂದೆ ಎರಡು ಸಾವಿರ ವರ್ಷ ಐರೋಪ್ಯರು ಹಿಡಿದುಕೊಂಡುಬಂದ ವಾದ ಇಲ್ಲಿಯೇ ಸಿದ್ಧವಾಗಿ ಸಿಗುತ್ತದೆ. ಹೊಗಳುವವರಿಗೂ ತೆಗಳುವವರಿಗೂ ಒಬ್ಬನೇ ಗುರು!

ರೋಮಿನವರು ಗ್ರೀಕರ ಅಂತಸ್ತಿನ ಪ್ರಶ್ನೆಯನ್ನೇ ಇನ್ನಷ್ಟು ಒರಟಾಗಿ ಕೇಳಿದರು. ಹೇಡ್ರಿಯನ್ ಚಕ್ರವರ್ತಿ, ಕ್ರಿ.ಶ. ೧೩೦ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ ತನ್ನ ಪ್ರಿಯ ಅಂಟಿನೋಸನ ಹೆಸರಿನಲ್ಲಿ ನಗರ ಕಟ್ಟಿಸಿ ಅವನನ್ನು ದೇವರನ್ನಾಗಿ ಮಾಡಿದ. ಮುಂದೆ ಕ್ರೈಸ್ತಧರ್ಮ ಸಾಮ್ರಾಜ್ಯದ ಧರ್ಮವಾದಾಗ ಪ್ರಶ್ನೆ ಬದಲಾಯಿತು. ೩೯೦ರ ಶಾಸನವೊಂದರಲ್ಲಿ ಬೆಂಕಿಯ ಶಿಕ್ಷೆ ಕಾಣಿಸಿಕೊಂಡಿತು. ಆರನೆಯ ಶತಮಾನದ ಜಸ್ಟೀನಿಯನ್, ಇಂಥ ಕೃತ್ಯಗಳಿಂದಲೇ ಕ್ಷಾಮ, ಭೂಕಂಪ, ಮಹಾಮಾರಿಗಳು ಬರುತ್ತವೆಂದು ಶಾಸನದಲ್ಲಿಯೇ ಬರೆಸಿದ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ಪ್ರಕೃತಿವಿರುದ್ಧ ಪಾಪಗಳ ಸಾಲಿನಲ್ಲಿ ತರ್ಕಬದ್ಧವಾಗಿ ಕೂರಿಸಿದ. ಈಗ ಯಾರು, ಯಾವ ಅಂತಸ್ತಿನವನು ಎಂಬುದು ಮುಖ್ಯವಲ್ಲ; ಯಾವ ಕೃತ್ಯ ಎಂಬುದು ಮುಖ್ಯ. ಅದು ಪಾಪದ ಪ್ರಶ್ನೆ.

ಆದರೆ ಶಾಸನ ಕಠಿಣವಾದ ಮಾತ್ರಕ್ಕೆ ಬದುಕು ಅದರ ಹಿಂದೆ ಕೈಕಟ್ಟಿ ನಡೆಯುವುದಿಲ್ಲ. ಫ್ಲಾರೆನ್ಸ್ ನಗರದಲ್ಲಿ ೧೪೩೨ರಿಂದ ೧೫೦೨ರವರೆಗೆ ಈ ಒಂದು ಅಪರಾಧದ ವಿಚಾರಣೆಗೆಂದೇ 'ರಾತ್ರಿಯ ಕಚೇರಿ' ಎಂಬ ನ್ಯಾಯಸ್ಥಾನವಿತ್ತು. ಸುಮಾರು ೪೦,೦೦೦ ಜನರಿದ್ದ ಊರಿನಲ್ಲಿ ಆ ಎಪ್ಪತ್ತು ವರ್ಷಗಳಲ್ಲಿ ಸುಮಾರು ೧೭,೦೦೦ ಮಂದಿಯ ಮೇಲೆ ಆಪಾದನೆ ಬಂದಿತೆಂದು ದಾಖಲೆಗಳನ್ನು ಶೋಧಿಸಿದ ಚರಿತ್ರಕಾರರು ಲೆಕ್ಕಹಾಕಿದ್ದಾರೆ. ಊರಿಗೆ ಊರೇ ಮಾಡುವುದನ್ನು ಅಪರೂಪದ ರಾಕ್ಷಸಕೃತ್ಯವೆಂದು ಕರೆಯುವುದರಲ್ಲಿ ಏನೋ ಎಡವಟ್ಟಿದೆ ಎಂದು ಆ ಕಚೇರಿಯ ಗುಮಾಸ್ತರಿಗಾದರೂ ಅನ್ನಿಸಿದ್ದಿರಬೇಕು.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲಕ್ಕೆ, ೧೫೩೩ರಲ್ಲಿ, ಈ ಪಾಪ ಚರ್ಚಿನ ಕೈಯಿಂದ ರಾಜನ ನ್ಯಾಯಸ್ಥಾನಕ್ಕೆ ಬಂತು, ಶಿಕ್ಷೆ ಮರಣ. ೧೮೩೫ರ ನವೆಂಬರಿನಲ್ಲಿ ಜೇಮ್ಸ್ ಪ್ರ್ಯಾಟ್, ಜಾನ್ ಸ್ಮಿತ್ ಎಂಬ ಇಬ್ಬರು ಬಡವರನ್ನು ಲಂಡನಿನ ನ್ಯೂಗೇಟ್ ಸೆರೆಮನೆಯೆದುರು ಗಲ್ಲಿಗೇರಿಸಿದರು. ಈ ಕಾರಣಕ್ಕೆ ಆ ದೇಶದಲ್ಲಿ ನಡೆದ ಕೊನೆಯ ಗಲ್ಲು ಅದು. ಆ ಇಬ್ಬರನ್ನು ವಿಚಾರಣೆಗೆ ಒಪ್ಪಿಸಿದ ಮ್ಯಾಜಿಸ್ಟ್ರೇಟ್ ವೆಜ್‌ವುಡ್ ಎಂಬವನೇ ಮುಂದೆ ಅವರ ಪ್ರಾಣ ಉಳಿಸಬೇಕೆಂದು ಗೃಹಮಂತ್ರಿಗೆ ಪತ್ರ ಬರೆದ. ಯಾವ ವ್ಯಕ್ತಿಗೂ ಹಾನಿಯಾಗದಿದ್ದರೂ ಮರಣದಂಡನೆಯಿರುವ ಅಪರಾಧ ಇದೊಂದೇ ಎಂಬುದು ಅವನ ಮೊದಲ ಮಾತು. ಹಣವಂತರು ಬಾಗಿಲಿರುವ ಕೋಣೆಯನ್ನು ಕೊಂಡು ತಪ್ಪಿಸಿಕೊಳ್ಳುತ್ತಾರೆ, ಬಡವನ ಪಾಲಿಗೆ ಮರೆಯೆಂಬುದೇ ಇಲ್ಲದ್ದರಿಂದ ಸಿಕ್ಕಿಬೀಳುತ್ತಾನೆ ಎಂಬುದು ಎರಡನೆಯ ಮಾತು. ಪತ್ರ ಫಲಿಸಲಿಲ್ಲ. ಆದರೆ ಅದರಲ್ಲಿದ್ದ ಎರಡು ಮಾತುಗಳೂ, ಹಾನಿ ಯಾರಿಗೆ, ಶಿಕ್ಷೆ ಯಾರಿಗೆ ಎಂಬ ಎರಡು ಪ್ರಶ್ನೆಗಳೂ, ಮುಂದಿನ ನೂರೈವತ್ತು ವರ್ಷಗಳ ಚರ್ಚೆಗೆ ಬೀಜ. ಅದಕ್ಕೆ ಅರ್ಧಶತಮಾನದ ಹಿಂದೆಯೇ ಜೆರೆಮಿ ಬೆಂಥಮ್ ಇದೇ ವಾದವನ್ನು ಸವಿಸ್ತಾರವಾಗಿ ಬರೆದಿದ್ದ; ಪ್ರಕಟಿಸುವ ಧೈರ್ಯ ಅವನಿಗೂ ಆಗಲಿಲ್ಲ. ಆ ಪ್ರಬಂಧ ಅಚ್ಚಿನ ಮುಖ ಕಂಡದ್ದು ೧೯೭೮ರಲ್ಲಿ. ಇತ್ತ ಫ್ರಾನ್ಸ್ ದೇಶ ಕ್ರಾಂತಿಯ ಬಿಸಿಯಲ್ಲಿ, ೧೭೯೧ರಷ್ಟು ಹಿಂದೆಯೇ, ಸದ್ದಿಲ್ಲದೆ ಈ ಅಪರಾಧವನ್ನು ತನ್ನ ದಂಡಸಂಹಿತೆಯಿಂದ ಬಿಟ್ಟುಬಿಟ್ಟಿತ್ತು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಇಕ್ಕಟ್ಟು ವಿಚಿತ್ರವಾದದ್ದು. ಒಳ್ಳೆಯ ಮನೆತನದ ಹುಡುಗರೆಲ್ಲ ಗ್ರೀಕ್ ಕಲಿಯಬೇಕು, ಪ್ಲೇಟೋವನ್ನು ಓದಬೇಕು. ಆದರೆ ಓದಿದ್ದು ಅರ್ಥವಾಗಬಾರದು! ಷೆಲಿ ಕವಿ ೧೮೧೮ರಲ್ಲಿ ಮಾಡಿದ 'ಸಿಂಪೋಸಿಯಂ' ಅನುವಾದವನ್ನು ಅವನ ಹೆಂಡತಿ ೧೮೪೦ರಲ್ಲಿ ಪ್ರಕಟಿಸುವಾಗ ಅಲ್ಲಲ್ಲಿ ಮಾತುಗಳನ್ನು ತಿದ್ದಿ, ಕತ್ತರಿಸಬೇಕಾಯಿತು. ಜಾನ್ ಆಡಿಂಗ್ಟನ್ ಸೈಮಂಡ್ಸ್ ಎಂಬ ವಿದ್ವಾಂಸ ಗ್ರೀಕರ ಈ ಪ್ರೇಮದ ಬಗ್ಗೆ ಬರೆದ ಗ್ರಂಥವನ್ನು ೧೮೮೩ರಲ್ಲಿ ಅಚ್ಚುಹಾಕಿಸಿದ್ದು ಹತ್ತೇ ಪ್ರತಿ. ಪ್ಲೇಟೋವಿನ 'ದಿವ್ಯಪ್ರೇಮ'ದಿಂದ ಹೆಸರು ಎರವಲು ತಂದು, ಇಂಥವರದು ಹುಟ್ಟಿನಿಂದ ಬಂದ ಸ್ವಭಾವ ಎಂದು ಜರ್ಮನಿಯ ಉಲ್‌ರಿಕ್ಸ್ ವಾದಿಸಿದ. ೧೮೬೭ರಲ್ಲಿ ಮ್ಯೂನಿಕ್ಕಿನಲ್ಲಿ ನ್ಯಾಯವಿದರ ಸಭೆಯೆದುರು ನಿಂತು ಮಾತಾಡಿದಾಗ ಅವನ ಬಾಯಿ ಮುಚ್ಚಿಸುವಷ್ಟು ಗದ್ದಲವೆದ್ದಿತು. ೧೮೯೫ರಲ್ಲಿ ಆಸ್ಕರ್ ವೈಲ್ಡ್ ಲಂಡನಿನ ಕಟಕಟೆಯಲ್ಲಿ ನಿಂತು ಪ್ಲೇಟೋ, ಮೈಕೆಲೇಂಜಲೋಗಳ ಹೆಸರೆತ್ತಿದಾಗ ಕೆಲವರು ಚಪ್ಪಾಳೆ ತಟ್ಟಿದರು. ಕೊನೆಗೆ ಎರಡು ವರ್ಷದ ಕಠಿಣಸಜೆ ತಪ್ಪಲಿಲ್ಲ. ಹೆಂಗಸರ ಬಗ್ಗೆ ಆ ದೇಶದ ಶಾಸನ ಮೌನವಾಗಿತ್ತು. ೧೯೨೧ರಲ್ಲಿ ಅವರನ್ನೂ ಸೇರಿಸಬೇಕೆಂಬ ಸಲಹೆ ಬಂದಾಗ ಪ್ರಭುಗಳ ಸಭೆ ಅದನ್ನು ತಳ್ಳಿಹಾಕಿತು. ಶಾಸನಮಾಡಿದರೆ ಇಂಥದೊಂದು ಉಂಟೆಂಬುದು ಹೆಂಗಸರಿಗೆ ತಿಳಿದುಬಿಟ್ಟೀತೆಂಬ ಹೆದರಿಕೆಯಿಂದ!

ಈ ಹೊತ್ತಿಗೆ ಪಾದ್ರಿಯ ಪಕ್ಕದಲ್ಲಿ ವೈದ್ಯ ಬಂದು ಕುಳಿತಿದ್ದ. ಪಾಪವೆನ್ನುತ್ತಿದ್ದುದು ರೋಗವಾಯಿತು. ಇದರಲ್ಲಿ ಕರುಣೆಯಿತ್ತು, ನಿಜ. ಪಾಪಿಯನ್ನು ಸುಡುವುದಕ್ಕಿಂತ ರೋಗಿಯನ್ನು ಉಪಚರಿಸುವುದು ಮೇಲಲ್ಲವೆ? ಆದರೆ ಕರುಣೆಯೂ ಒಮ್ಮೊಮ್ಮೆ ಕ್ರೂರವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿಯನ್ನು ಒಡೆದ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಅಲನ್ ಟ್ಯೂರಿಂಗ್, ೧೯೫೨ರಲ್ಲಿ ಅಪರಾಧಿಯೆಂದು ತೀರ್ಮಾನವಾದಾಗ, ಸೆರೆವಾಸದ ಬದಲು ಹಾರ್ಮೋನಿನ ಚುಚ್ಚುಮದ್ದಿಗೆ ಮೈಯೊಡ್ಡಬೇಕಾಯಿತು. ೧೯೫೪ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಸರ್ಕಾರ ಅವನಿಗೆ ಮರಣೋತ್ತರ ಕ್ಷಮಾದಾನ ಕೊಟ್ಟದ್ದು ೨೦೧೩ರಲ್ಲಿ. ಜರ್ಮನಿಯಲ್ಲಿ ನಾಜಿಗಳು ಇಂಥ ಸಾವಿರಾರು ಗಂಡಸರಿಗೆ ಗುಲಾಬಿ ಬಣ್ಣದ ತ್ರಿಕೋನ ಹಚ್ಚಿ ಶಿಬಿರಗಳಲ್ಲಿ ಕೊಂದರು. ಯುದ್ಧ ಮುಗಿದು ಶಿಬಿರಗಳ ಬಾಗಿಲು ತೆರೆದ ಮೇಲೂ ಪಶ್ಚಿಮ ಜರ್ಮನಿ ೧೯೬೯ರವರೆಗೆ ನಾಜಿಗಳು ಬಿಗಿಮಾಡಿದ ಆ ಕಲಮನ್ನೇ ಇಟ್ಟುಕೊಂಡಿತ್ತು. ಫ್ರಾಯ್ಡ್ ಮಾತ್ರ ೧೯೩೫ರಲ್ಲಿ, ಮಗನ ವಿಷಯಕ್ಕೆ ಕೊರಗಿ ಬರೆದ ಅಮೆರಿಕದ ತಾಯಿಯೊಬ್ಬಳಿಗೆ, ಇದು ನಾಚಿಕೆಪಡುವಂಥದಲ್ಲ, ರೋಗವೆನ್ನುವಂಥದೂ ಅಲ್ಲ ಎಂದು ಸಮಾಧಾನ ಹೇಳಿದ್ದ. ಅಮೆರಿಕದ ಮನೋವೈದ್ಯರ ಸಂಘ ಆ ಮಾತಿಗೆ ಬಂದು ತಲುಪಿದ್ದು ೧೯೭೩ರಲ್ಲಿ; ವಿಶ್ವ ಆರೋಗ್ಯ ಸಂಸ್ಥೆ ೧೯೯೦ರಲ್ಲಿ.

ಪ್ರಶ್ನೆ ಮತ್ತೊಮ್ಮೆ ಬದಲಾದದ್ದು ೧೯೫೭ರಲ್ಲಿ. ಇಂಗ್ಲೆಂಡಿನ ವುಲ್ಫೆಂಡನ್ ಸಮಿತಿ, ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆದುಕೊಳ್ಳುವುದು ಅಪರಾಧವಾಗಬಾರದೆಂದು ಶಿಫಾರಸು ಮಾಡಿತು. ಇದರಿಂದ ಹುಟ್ಟಿದ ವಾದ ನೀತಿಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದತಕ್ಕದ್ದು. ನ್ಯಾಯಾಧೀಶನಾಗಿದ್ದ ಡೆವ್ಲಿನ್ ೧೯೫೯ರಲ್ಲಿ ಒಂದು ಉಪನ್ಯಾಸ ಕೊಟ್ಟು, ಸಮಾಜವನ್ನು ಒಟ್ಟಿಗೆ ಹಿಡಿದಿರುವುದು ಹತ್ತುಮಂದಿ ಒಪ್ಪಿದ ನೀತಿ, ಆ ನೀತಿ ಸಡಿಲಿದರೆ ಸಮಾಜವೂ ಕಳಚಿಬೀಳುತ್ತದೆ, ಆದ್ದರಿಂದ ಜನಸಾಮಾನ್ಯನ ಮನಸ್ಸಿಗೆ ಹೇಸಿಗೆಯೆನಿಸಿದ್ದನ್ನು ಶಿಕ್ಷಿಸುವ ಅಧಿಕಾರ ಶಾಸನಕ್ಕೆ ಇರಬೇಕು ಎಂದ. ಆಕ್ಸ್‌ಫರ್ಡಿನ ಹಾರ್ಟ್ ೧೯೬೩ರ ತನ್ನ ಗ್ರಂಥದಲ್ಲಿ ಮಿಲ್ಲನ ಹಾದಿ ಹಿಡಿದು, ಹೇಸಿಗೆಯಾಯಿತೆಂಬುದು ಹಾನಿಯಾಯಿತೆಂಬುದಕ್ಕೆ ಸಮವಲ್ಲ, ನೀತಿ ಬದಲಾಗುವುದಕ್ಕೂ ಸಮಾಜ ನಾಶವಾಗುವುದಕ್ಕೂ ಅಂತರವಿದೆ ಎಂದು ತೋರಿಸಿದ. ೧೯೬೭ರಲ್ಲಿ ಪಾರ್ಲಿಮೆಂಟು ಇಂಗ್ಲೆಂಡು ಮತ್ತು ವೇಲ್ಸಿಗೆ ಹೊಸ ಶಾಸನ ಮಾಡಿತು. ೨೦೦೧ರಲ್ಲಿ ನೆದರ್ಲೆಂಡ್ಸ್ ಇಂಥವರ ಮದುವೆಗೆ ಮನ್ನಣೆ ಕೊಟ್ಟ ಮೊದಲ ದೇಶವಾಯಿತು. ೨೦೨೪ರ ಫೆಬ್ರವರಿಯಲ್ಲಿ, ಎಲ್ಲಿಂದ ನಮ್ಮ ಕಥೆ ಹೊರಟಿತೋ ಆ ಗ್ರೀಸ್ ದೇಶದ ಪಾರ್ಲಿಮೆಂಟು, ಅಲ್ಲಿನ ಚರ್ಚಿನ ವಿರೋಧವಿದ್ದರೂ, ೧೭೬ಕ್ಕೆ ೭೬ ಮತಗಳಿಂದ ಅದನ್ನು ಒಪ್ಪಿತು. ಎಲ್ಲೆಡೆ ಹೀಗೆಯೇ ಆಗಿದೆಯೆಂದು ಭಾವಿಸಬಾರದು. ೨೦೨೩ರಲ್ಲಿ ಉಗಾಂಡ ಮಾಡಿದ ಶಾಸನದಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೇ ಇದೆ.

ನಮ್ಮ ದೇಶಕ್ಕೂ ಈ ಕಥೆಗೂ ಸಂಬಂಧವುಂಟು. ಅದು ಹೆನ್ರಿಯ ಶಾಸನದ ಮೂಲಕ ಬಂದ ಸಂಬಂಧ. ಮೆಕಾಲೆಯ ಕಾಲದಲ್ಲಿ ಕರಡಾಗಿ, ೧೮೬೦ರಲ್ಲಿ ಅಂಗೀಕಾರವಾದ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮು 'ಪ್ರಕೃತಿ ನಿಯಮಕ್ಕೆ ವಿರುದ್ಧ'ವೆಂದು ಹೇಳಿದ್ದು ಆ ಹಳೆಯ ಐರೋಪ್ಯ ಭಾಷೆಯನ್ನೇ. ಅದನ್ನು ನಮ್ಮ ಪುರಾತನ ಸಂಪ್ರದಾಯವೆಂದು ನಂಬಿದವರು ಬಹಳ. ದೆಹಲಿ ಹೈಕೋರ್ಟು ೨೦೦೯ರಲ್ಲಿ ಅದನ್ನು ಮೊಟಕುಮಾಡಿತು. ಸುಪ್ರೀಂ ಕೋರ್ಟು ೨೦೧೩ರಲ್ಲಿ ಮತ್ತೆ ಜೀವ ಕೊಟ್ಟಿತು. ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದರು. ಈ ಜನರಲ್ಲಿ, ಅವರ ಮನೆಯವರಲ್ಲಿ ಚರಿತ್ರೆ ಕ್ಷಮೆ ಕೇಳಬೇಕಾಗಿದೆ ಎಂದು ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಆಗ ಬರೆದರು. ಮದುವೆಯ ಹಕ್ಕನ್ನು ಮಾತ್ರ ೨೦೨೩ರಲ್ಲಿ ಅದೇ ನ್ಯಾಯಸ್ಥಾನ ಕೊಡಲಿಲ್ಲ. ಅದು ಶಾಸನಸಭೆಯ ಕೆಲಸವೆಂದಿತು.

ಇಷ್ಟು ದೂರ ನಡೆದು ಬಂದಮೇಲೆ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಗ್ರೀಕರು ಅಂತಸ್ತು ಕೇಳಿದರು, ಚರ್ಚು ಪಾಪ ಕೇಳಿತು, ವೈದ್ಯ ರೋಗ ಕೇಳಿದ, ಇಂದಿನ ನ್ಯಾಯ ಹಾನಿಯನ್ನೂ ಒಪ್ಪಿಗೆಯನ್ನೂ ಕೇಳುತ್ತಿದೆ. ಇವು ನಾಲ್ಕೂ ಆಯಾ ಕಾಲದ ರೂಢಿಗಳಷ್ಟೇ, ಒಂದರಷ್ಟೇ ಇನ್ನೊಂದು ಎಂದುಬಿಡೋಣವೆ? ನನಗೆ ಹಾಗೆ ತೋರುವುದಿಲ್ಲ. ಮೊದಲ ಮೂರು ಪ್ರಶ್ನೆಗಳಲ್ಲಿ ಒಂದು ಸಾಮಾನ್ಯ ಕೊರತೆಯಿದೆ. ಯಾರ ವಿಷಯವಾಗಿ ತೀರ್ಪಾಗುತ್ತಿದೆಯೋ ಅವರ ಬಾಯಿಂದ ಒಂದು ಮಾತೂ ಕೇಳಿಬರುವುದಿಲ್ಲ. ಔತಣದ ಮನೆಯಲ್ಲಿ ಪ್ರೇಮಿ ಮಾತಾಡುತ್ತಾನೆ, ಗುಲಾಮ ಮಧು ಬಗ್ಗಿಸುತ್ತಾನೆ. ಫ್ಲಾರೆನ್ಸಿನ ಕಚೇರಿಯಲ್ಲಿ ಅವನು ಆರೋಪಿ, ವೈದ್ಯನ ಪುಸ್ತಕದಲ್ಲಿ ಒಂದು ಪ್ರಕರಣ. 'ನನಗೆ ಹೀಗೆ ಅನ್ನಿಸುತ್ತದೆ, ನಾನು ಹೀಗೆ ಬದುಕುತ್ತಿದ್ದೇನೆ' ಎಂದು ಹೇಳುವ ಅವಕಾಶ ಸಿಕ್ಕಿದ್ದು ನಾಲ್ಕನೆಯ ಪ್ರಶ್ನೆಯ ಕಾಲದಲ್ಲಿ, ಅದೂ ಅಳುಕುತ್ತ. ವುಲ್ಫೆಂಡನ್ ಸಮಿತಿಯೆದುರು ತಮ್ಮ ಸ್ವಭಾವವನ್ನು ಒಪ್ಪಿಕೊಂಡು ಸಾಕ್ಷ್ಯ ಹೇಳಿದವರು ಬೆರಳೆಣಿಕೆಯ ಮಂದಿ. ಒಬ್ಬನನ್ನು ಕೇಳದೆ ಕೊಟ್ಟ ತೀರ್ಪಿಗಿಂತ ಕೇಳಿ ಕೊಟ್ಟ ತೀರ್ಪು ಮೇಲು ಎಂಬುದು ಯಾವ ಕಾಲದ ರೂಢಿಯೂ ಅಲ್ಲ. ಅದು ನ್ಯಾಯದ ತಿರುಳು. ನೀತಿಯಲ್ಲಿ ನಿಲ್ಲುವಂಥದು ಏನಾದರೂ ಇದ್ದರೆ ಅದು ಇದೇ ಎಂದು ನನ್ನ ಭಾವನೆ.

ಈ ಅಳತೆಗೋಲು ಒಂದೇ ಕಡೆಗೆ ಬಾಗಿದ್ದಲ್ಲ ಎಂಬುದನ್ನೂ ಹೇಳಬೇಕು. ಇಂದಿನವರ ಪ್ರೇಮವನ್ನು ಸಮರ್ಥಿಸಲು ಗ್ರೀಕರನ್ನು ಸಾಕ್ಷಿಗೆ ಕರೆಯುವವರು ತುಸು ಯೋಚಿಸಬೇಕು. ಒಪ್ಪಿಗೆ, ಸಮಾನತೆ ಎಂಬ ತಕ್ಕಡಿಯಲ್ಲಿಟ್ಟರೆ ಮೊದಲು ಸೋಲುವವರು ಗ್ರೀಕರೇ. ಎಳೆಯ ಹುಡುಗನನ್ನೂ ಗುಲಾಮನನ್ನೂ ಬಳಸಿಕೊಂಡದ್ದಕ್ಕೆ ಪ್ಲೇಟೋವಿನ ರೆಕ್ಕೆಗಳು ಕ್ಷಮಾಪತ್ರವಾಗಲಾರವು. "ಇದನ್ನು ಒಪ್ಪಿದರೆ ನಾಳೆ ಇನ್ನೇನನ್ನು ಒಪ್ಪಬೇಕೋ" ಎಂದು ಹೆದರುವವರಿಗೂ ಉತ್ತರ ಇಲ್ಲಿಯೇ ಇದೆ. ಹಿಂದಿನವರು ಮೆಚ್ಚಿದ್ದನ್ನು ಈ ತಕ್ಕಡಿ ಅಪರಾಧವೆನ್ನುತ್ತದೆ, ಹಿಂದಿನವರು ಸುಟ್ಟಿದ್ದನ್ನು ನಿರಪರಾಧವೆನ್ನುತ್ತದೆ. ಬಿಗಿಯಾಗಬೇಕಾದಲ್ಲಿ ಅದು ಬಿಗಿಯಾಗಿಯೇ ಇದೆ.

ಪ್ರಕೃತಿಯ ವಾದವೊಂದು ಉಳಿಯಿತು. ಪ್ಲೇಟೋ ಸಾಕ್ಷಿಗೆ ಕರೆದ ಮೃಗಗಳು ಅವನಿಗೆ ಅನುಕೂಲವಾಗಿಲ್ಲ. ಪ್ರಾಣಿಶಾಸ್ತ್ರಜ್ಞರು ನೂರಾರು ಜಾತಿಗಳಲ್ಲಿ ಇಂಥ ನಡವಳಿಕೆಯನ್ನು ಕಂಡಿದ್ದಾರೆ. ಆದರೆ ಅದನ್ನು ಹಿಡಿದು ಕುಣಿಯಬೇಕಾದ್ದೂ ಇಲ್ಲ. ಮೃಗಗಳು ಮಾಡುತ್ತವೆಂದು ಮನುಷ್ಯನಿಗೆ ಒಂದು ಕೆಲಸ ಸರಿಯಾಗುವುದಿಲ್ಲ, ಮಾಡುವುದಿಲ್ಲವೆಂದು ತಪ್ಪೂ ಆಗುವುದಿಲ್ಲ. ಬೇಯಿಸಿ ಉಣ್ಣುವುದು, ವ್ರತ ಹಿಡಿಯುವುದು, ಕಾವ್ಯ ಬರೆಯುವುದು ಯಾವುದೂ ಮೃಗಪ್ರಕೃತಿಯಲ್ಲಿಲ್ಲ.

ಎಲ್ಲಕ್ಕಿಂತ ಬಲವಾಗಿ ಕೇಳಿಬರುವುದು ಸಂಸಾರದ ವಾದ. ಸಂಸಾರ ಕೆಡುತ್ತದೆ ಎನ್ನುತ್ತಾರೆ. ಕೆಡುತ್ತದೆ, ನಿಜ, ಆದರೆ ಯಾವುದರಿಂದ? ಸೈಮಂಡ್ಸನಿಗೆ ವೈದ್ಯರು ಮದುವೆಯಾಗಲು ಸಲಹೆಕೊಟ್ಟರು. ೧೮೬೪ರಲ್ಲಿ ಮದುವೆಯಾದ, ನಾಲ್ವರು ಹೆಣ್ಣುಮಕ್ಕಳಾದರು. ಅವನ ಸ್ವಭಾವ ಬದಲಾಗಲಿಲ್ಲ. ವೈಲ್ಡನ ಹೆಂಡತಿ ಕಾನ್‌ಸ್ಟನ್ಸ್, ಗಂಡ ಸೆರೆಗೆ ಹೋದಮೇಲೆ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟಳು, ಮನೆತನದ ಹೆಸರನ್ನೇ ಬದಲಿಸಿಕೊಂಡಳು, ೧೮೯೮ರಲ್ಲಿ ಪರದೇಶದಲ್ಲಿ ಸತ್ತಳು. ವೈಲ್ಡನಿಗಾಗಿ ಮರುಗಿದವರು ಲಕ್ಷ ಮಂದಿ. ಅವಳನ್ನು ನೆನೆದವರು ಕಡಿಮೆ. ನಮ್ಮ ಮನೆಗಳಲ್ಲಿಯೂ ಹುಡುಗನ ಮನಸ್ಸು ಬೇರೆ ಕ್ರಮದ್ದೆಂದು ಹೆತ್ತವರಿಗೆ ಸಂಶಯ ಬಂದೊಡನೆ ಹೊಳೆಯುವ ಮದ್ದು ಇದೇ: ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಸರಿಹೋಗದಿದ್ದಾಗ ಆ ಮದ್ದಿನ ಬೆಲೆ ಕೊಡುವವಳು ಏನೂ ಅರಿಯದೆ ಸಪ್ತಪದಿ ತುಳಿದು ಬಂದ ಹುಡುಗಿ. ಹುಡುಗಿಯ ಮನಸ್ಸು ಬೇರೆಯದಾಗಿದ್ದರೆ ಬೆಲೆ ಕೊಡುವವರು ಅವಳೂ ಹೌದು, ಗಂಡನೂ ಹೌದು. ಒಬ್ಬರ ಗುಟ್ಟಿಗೆ ಇನ್ನೊಬ್ಬರ ಬಾಳನ್ನು ಮುಚ್ಚಳಮಾಡುವುದನ್ನು ಯಾವ ನೀತಿಶಾಸ್ತ್ರ ಒಪ್ಪೀತು? ನಂಬಿದವರಿಗೆ ದ್ರೋಹ ಬಗೆಯಬಾರದೆಂಬುದು ಎಲ್ಲ ಕಾಲದ, ಎಲ್ಲ ದೇಶದ ನೀತಿಯಲ್ಲವೆ? ಸಂಸಾರವನ್ನು ಕಾಯಬೇಕೆನ್ನುವವರು ಮೊದಲು ಈ ಸುಳ್ಳಿನಿಂದ ಅದನ್ನು ಕಾಯಬೇಕು.

ಶಾಸನ ಮಾಡಬಹುದಾದದ್ದು ಸ್ವಲ್ಪ. ಅದು ಪೋಲೀಸಿನವನನ್ನು ಬಾಗಿಲಿನಿಂದ ಆಚೆ ಕಳಿಸಬಲ್ಲುದು. ಮನೆಯೊಳಗಿನ ಮೌನವನ್ನು ಕಳಿಸಲಾರದು. ಮಗನೋ ಮಗಳೋ ಎದುರು ಬಂದು ಕುಳಿತು, ಬಹಳ ದಿನ ನುಂಗಿಕೊಂಡಿದ್ದ ಮಾತನ್ನು ಹೇಳಿದ ದಿನ, ತಂದೆತಾಯಿಗೆ ಪ್ಲೇಟೋವಾಗಲಿ ಹಾರ್ಟ್ ಆಗಲಿ ನೆನಪಿಗೆ ಬರುವುದಿಲ್ಲ. ಸಿಟ್ಟು ಬರಬಹುದು, ದುಃಖ ಬರಬಹುದು, ನೆಂಟರಿಷ್ಟರು ಏನೆಂದಾರು ಎಂಬ ಚಿಂತೆಯಂತೂ ಬಂದೇ ಬರುತ್ತದೆ. ಅವೆಲ್ಲ ಬರಲಿ. ಆದರೆ ಎರಡೂವರೆ ಸಾವಿರ ವರ್ಷ ಯಾರೂ ಮಾಡದ ಒಂದು ಕೆಲಸವನ್ನು ಅವರು ಆ ದಿನ ಮಾಡಬಹುದು: ತೀರ್ಪು ಹೇಳುವ ಮೊದಲು, ಮಾತು ಮುಗಿಯುವ ತನಕ ಕೇಳಬಹುದು.